ಸರೋಜಾ ಅಕ್ಕೋರು ಹುಡುಕಿದ ತಪ್ಪು

ಸರೋಜಾ ಅಕ್ಕೋರು ಕಂಪ್ಯೂಟರಿನ ತೆರೆಯ ಮೇಲೆ ಬೆರಳಿಟ್ಟು ಓದುತ್ತಿದ್ದರು, ಒಂದನೇ ತರಗತಿಯ ಮಕ್ಕಳು ಅಂಕಲಿಪಿ ಓದುವ ಹಾಗೆ. ತೆರೆಯ ತುಂಬ ತಪ್ಪುಗಳ ಪಟ್ಟಿ ಬಂದರೂ ಬೆರಳು ಮೇಲಕ್ಕೇ ಹೋಗುತ್ತಿತ್ತು. "ಮೊದಲನೇ ತಪ್ಪು ಹಿಡೀಬೇಕ್ರಿ ಕಾಕಾ. ಉಳದದ್ದೆಲ್ಲಾ ಅದರ ಮರಿ," ಅನ್ನುತ್ತಿದ್ದರು.

ಕುಂದಗೋಳದಲ್ಲಿ ನನ್ನದು ಝೆರಾಕ್ಸ್ ಅಂಗಡಿ. ಅವರು ಯರಗುಪ್ಪಿ ಕಡೆಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಶಾಲೆಯ ಹಳೇ ಕಂಪ್ಯೂಟರುಗಳಲ್ಲಿ ಮಕ್ಕಳಿಗೆ ಪ್ರೋಗ್ರಾಂ ಬರೆಯಲು ಕಲಿಸಬೇಕೆಂಬುದು ಅವರ ಹಟ. ಬರೆದದ್ದು ಯಂತ್ರಕ್ಕೆ ತಿಳಿಯಬೇಕಾದರೆ ಕಂಪೈಲರ್ ಬೇಕು. ಸಿದ್ಧವಾಗಿ ಸಿಗುವ ಕಂಪೈಲರ್ ಆ ಹಳೇ ಯಂತ್ರಗಳಲ್ಲಿ ನಡೆಯುತ್ತಿರಲಿಲ್ಲ. ಅದರ ಮೂಲ ಬರಹ, ಅಂದರೆ ಸೋರ್ಸ್ ಕೋಡ್, ತಂದು ನಾವೇ ಕಟ್ಟಿಕೊಳ್ಳಬೇಕಿತ್ತು. ನನ್ನಲ್ಲಿ ಅದೇ ನಮೂನೆಯ ಕಂಪ್ಯೂಟರಿತ್ತು, ಕರೆಂಟು ಹೋದರೂ ನಡೆಸುವ ಬ್ಯಾಟರಿಯಿತ್ತು. ಅದಕ್ಕೇ ನನ್ನ ಅಂಗಡಿಗೆ ಬಂದು ಕೂತರು.

ಒಂದು ತಿಂಗಳು ಒದ್ದಾಡಿದರು. ಒಮ್ಮೆ ಯಾವುದೋ ಕಡತ ಸಿಗಲಿಲ್ಲ. ಒಮ್ಮೆ ಫೋಲ್ಡರಿನ ಹೆಸರಿನ ನಡುವೆ ಖಾಲಿ ಜಾಗ ಇದೆಯೆಂದು ನಿಂತಿತು. ಡಿಸ್ಕ್ ತುಂಬಿದಾಗ ನನ್ನ ಮಗಳ ಮದುವೆಯ ಫೋಟೋಗಳನ್ನು ಬೇರೆಡೆ ಸಾಗಿಸಿದೆವು.

"ಇದು ನಿಮ್ಮ ಮಾತ ಕೇಳಂಗಿಲ್ಲ, ಬಿಡ್ರಿ," ಅಂದೆ.

"ಎಂಟನೇ ಕ್ಲಾಸಿನ ಹುಡುಗ್ರಿಗಿಂತ ಛಲೋ ಕೇಳ್ತೈತ್ರಿ," ಅಂದರು.

ಅವರಿಗೆ ವರ್ಗವಾಗಿತ್ತು, ದಸರಾ ರಜೆಯೊಳಗೆ ಮುಗಿಸಬೇಕಿತ್ತು. ಕಡೆಗೊಂದು ಮುಂಜಾನೆ ಕಂಪೈಲರ್ ಕಟ್ಟುವ ಕೆಲಸ ತಡೆಯಿಲ್ಲದೆ ಓಡತೊಡಗಿತು. "ಎರಡು ದಿನ ಹಿಡೀತೈತ್ರಿ. ಮುಟ್ಟಬ್ಯಾಡ್ರಿ," ಎಂದು ಹೇಳಿ ಹೋದರು.

ಮರುದಿನ ಖಂಡೇಪೂಜೆ, ಅಂದರೆ ಆಯುಧಪೂಜೆ. ಆ ದಿನ ನಮ್ಮಲ್ಲಿ ಯಂತ್ರ ದುಡಿಸುವುದಿಲ್ಲ. ಒರೆಸಿ, ವಿಭೂತಿ ಹಚ್ಚಿ, ಹೂವೇರಿಸುತ್ತೇವೆ. ಝೆರಾಕ್ಸ್ ಮಶಿನ್ ಆರಿಸಿದೆ. ಕಂಪ್ಯೂಟರೊಂದು ಗುಂಯ್‌ಗುಡುತ್ತಿತ್ತು. ದುಡಿಯುತ್ತಿರುವುದಕ್ಕೆ ಹೂವೇರಿಸಲು ಮನಸ್ಸು ಒಪ್ಪಲಿಲ್ಲ. ಮತ್ತೆ ಚಾಲೂ ಮಾಡಿದರೆ ನಿಂತಲ್ಲಿಂದ ಓಡುತ್ತದೆಂದುಕೊಂಡು ಆರಿಸಿಬಿಟ್ಟೆ.

ಓಡಲಿಲ್ಲ. ಅರ್ಧ ಬರೆದ ಕಡತಗಳು ಕೆಟ್ಟಿದ್ದವು. ಅಕ್ಕೋರು ಬಂದು ಬಹಳ ಹೊತ್ತು ತೆರೆ ನೋಡಿದರು.

"ಕರೆಂಟ್ ಹೋಗಿ ಬ್ಯಾಟರಿ ಇಳೀತೇನ್ರಿ ಕಾಕಾ?"

"ಇಲ್ರಿ. ತಾನ ಬಂದ್ ಆತು."

ಹೌದೆಂದಿದ್ದರೂ ಸಾಕಿತ್ತು, ಅವರು ಅವತ್ತೇ ಮೊದಲಿನಿಂದ ಹಚ್ಚುತ್ತಿದ್ದರು. ನಾನು ಆರಿಸಿದ್ದೂ ತಿಳಿಯಬಾರದು, ನನ್ನ ಅಂಗಡಿಯ ಬ್ಯಾಟರಿಯ ಹೆಸರೂ ಕೆಡಬಾರದೆಂದು ಹಾಗೆ ಹೇಳಿದೆ. ಯಂತ್ರವನ್ನೇ ನಿಲ್ಲಿಸುವಂಥ ತಪ್ಪು ತಮ್ಮ ಜೋಡಣೆಯಲ್ಲಿದೆ ಎಂದು ಅವರು ನಂಬಿದರು. ಉಳಿದ ನಾಲ್ಕು ದಿನವೂ ಸಾಲು ಸಾಲಿಗೆ ಬೆರಳಿಟ್ಟು, ಇಲ್ಲದ ತಪ್ಪನ್ನು ಹುಡುಕಿದರು. ನಾನು ಬಾಜೂ ಕೂತು ಚಹಾ ತರಿಸುತ್ತಿದ್ದೆ.

ಹೊರಡುವ ದಿನ ಅವರ ಟ್ರಂಕನ್ನು ಬಸ್ಸಿಗೇರಿಸಿದೆ. "ನಿಮಗ ಭಾಳ ತ್ರಾಸ ಕೊಟ್ಟೆ ಕಾಕಾ," ಅಂದರು. "ಹುಡುಗ್ರು ಕೇಳಾಕ ಬಂದ್ರ ಹೇಳ್ರಿ, ಅಕ್ಕೋರಿಗೆ ಬರಲಿಲ್ಲ ಅಂತ."

ಮಕ್ಕಳು ಬಂದರು. ನಾನು ಹಾಗೆಯೇ ಹೇಳಿದೆ.