ಮೂರನೆಯ ಕೂಗಿಗೆ ಓಗೊಟ್ಟವಳು

ನಂಬುವವರು ನಂಬಿ, ಬಿಡುವವರು ಬಿಡಿ. ನನ್ನ ಗಂಡನೇ ಇವತ್ತಿಗೂ ನಂಬಿಲ್ಲ. ಆದರೆ ಆ ಮೆಟ್ಟಿಲ ಮೇಲೆ ನಿಂತಿದ್ದವಳು ನಾನು, ಅವರಲ್ಲ.

ಕಾದಂಬರಿಗಳಲ್ಲಿ ಬರುವ ಜಾಗಗಳನ್ನು ಹುಡುಕಿಕೊಂಡು ಹೋಗುವ ಹುಚ್ಚು ನನಗೆ. ಇಟಲಿಗೆ ಹೋದಾಗ ಎಲ್ಲರೂ ಇಗರ್ಜಿ, ಅರಮನೆ ನೋಡಿದರೆ, ನಾನು ಯಾವುದೋ ಕಥೆಯ ಹಾಳು ಬಾವಿ ಹುಡುಕಲು ಗಂಡ, ಮಗಳ ಕಾಲು ಸವೆಸಿದ್ದೆ. 2006ರ ನವೆಂಬರ್‌ನಲ್ಲಿ ಅದೇ ಹುಚ್ಚು ನಮ್ಮನ್ನು ಲಾಸ್ ಏಂಜಲಿಸ್‌ನ ಒಂದು ಗುಡ್ಡಕ್ಕೆ ಎಳೆದುಕೊಂಡು ಹೋಯಿತು.

ಲೈಬ್ರರಿಯಿಂದ ತಂದ ಹಳೆಯ ಕಾದಂಬರಿಯೊಂದರಲ್ಲಿ ಎರಡು ಬೀದಿಗಳ ನಡುವೆ ಗುಡ್ಡ ಇಳಿಯುವ ಉದ್ದನೆಯ ಸಿಮೆಂಟ್ ಮೆಟ್ಟಿಲುಗಳು ಬರುತ್ತವೆ. ಕೆಳಗೆ ಆಡಲು ಹೋದ ಮಗಳನ್ನು ತಾಯಿ ಮೇಲಿನಿಂದ ಮೂರು ಸಲ ಕೂಗುತ್ತಾಳೆ. ಮಗಳು ಬರುವುದಿಲ್ಲ. ಆ ಮೆಟ್ಟಿಲು ನಿಜವಾಗಿಯೂ ಇದೆ ಎಂದು ನಾನು ಪತ್ತೆ ಮಾಡಿದ್ದೆ.

ಡೈಮಂಡ್ ಬಾರ್‌ನಲ್ಲಿ ಸ್ನೇಹಿತರ ಮನೆಯ ಊಟ ಮುಗಿಸಿ ಸ್ಯಾನ್ ಡಿಯಾಗೊದ ನಮ್ಮ ಮನೆಗೆ ಹೊರಟಿದ್ದೆವು. “ಮನೆ ಆ ಕಡೆ, ನೀನು ಈ ಕಡೆ ಹೋಗುವ ಅಂತೀಯಲ್ಲ ಮಾರಾಯ್ತಿ!” ಎಂದು ಗೊಣಗುತ್ತಲೇ ನನ್ನ ಗಂಡ ಪ್ರಕಾಶ್ ಕಾರು ತಿರುಗಿಸಿದರು.

ತಲುಪುವಾಗ ಐದು ಗಂಟೆ. ಚಳಿಗಾಲಕ್ಕೆಂದು ಅಮೆರಿಕದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದ ವಾರ ಅದು, ಆಗಲೇ ಕತ್ತಲಾಗುತ್ತಿತ್ತು. ಪ್ರಕಾಶ್ ಮೇಲಿನ ಬೀದಿಯಲ್ಲಿ ಕಾರಿನಲ್ಲೇ ಕೂತರು. ನಾನೂ ಮಗಳು ನಿಧಿಯೂ ಇಳಿದೆವು.

ನಿಧಿಗೆ ಆಗ ಎಂಟು ವರ್ಷ. ಕನ್ನಡ ಎಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ‘ಅಮ್ಮಾ’ ಎನ್ನುವುದೊಂದೇ ಅವಳ ಕನ್ನಡ. ಅವಳ ಬಾಯಿಂದ ಒಂದು ಪೂರ್ತಿ ಮಾತು ಕನ್ನಡದಲ್ಲಿ ಕೇಳಬೇಕೆಂದು ನಾನು ಹರಕೆ ಹೊತ್ತದ್ದೂ ಉಂಟು.

“ಕೆಳಗೆ ಹೋಗಿ ನಿಲ್ಲು ಪುಟ್ಟಾ. ನಾನು ಮೂರು ಸಲ ಕರೀತೇನೆ. ಮೂರನೇದಕ್ಕೆ ಬಾ.”

“ದಿಸ್ ಈಸ್ ಸೋ ವಿಯರ್ಡ್, ಅಮ್ಮಾ!” ನಗುತ್ತಾ ಓಡಿದಳು. ಹೆಜ್ಜೆ ಇಟ್ಟಾಗಲೆಲ್ಲ ಕೆಂಪಗೆ ಮಿನುಗುವ ಶೂ ಅವಳದು. ಆ ಬೆಳಕು ಇಳಿದೂ ಇಳಿದೂ ತಿರುವಿನಲ್ಲಿ ಮರೆಯಾಯಿತು.

ಮೂರ್ಸಂಜೆ ಹೊತ್ತಿಗೆ ಮಕ್ಕಳ ಹೆಸರು ಹಿಡಿದು ಕೂಗಬಾರದು ಎಂದು ಉಡುಪಿಯಲ್ಲಿ ನನ್ನ ಅಮ್ಮ ಹೇಳುತ್ತಿದ್ದರು. ನೆನಪಿತ್ತು. ಆದರೂ ಕೂಗಿದೆ. ನನ್ನ ನಾಲಗೆಗೆ ಬೆಂಕಿ ಬೀಳಲಿ!

“ನಿಧೀ...”

“ವಾಟ್, ಅಮ್ಮಾ?” ಕೆಳಗಿನಿಂದ ನಗು.

“ನಿಧೀ...”

ಉತ್ತರವಿಲ್ಲ. ಎಲ್ಲೋ ಬೊಗಳುತ್ತಿದ್ದ ನಾಯಿ ಗಪ್ಪೆಂದು ಸುಮ್ಮನಾಯಿತು. ತಿಂಗಳುಗಟ್ಟಲೆ ಮಳೆ ಕಾಣದ ಗುಡ್ಡದಿಂದ ಹಸಿಮಣ್ಣಿನ ವಾಸನೆ ಬಂತು...

ಮೂರನೆಯ ಸಲ ಆಟಕ್ಕಲ್ಲ, ಹೆದರಿ ಕೂಗಿದೆ.

“ಬಂದೆ ಅವ್ವಾ...”

ನಮ್ಮ ಮನೆಯಲ್ಲಿ ಯಾರೂ ‘ಅವ್ವ’ ಎನ್ನುವುದಿಲ್ಲ. ಸಪ್ಪಳ ಮೇಲೇರಿ ಬರುತ್ತಿತ್ತು... ಟಪ್... ಟಪ್... ಒಂದು ಹೆಜ್ಜೆಗೂ ಕೆಂಪು ಬೆಳಕಿರಲಿಲ್ಲ.

ಬಂದವಳು ನಿಧಿಯೇ. ಅದೇ ಹಳದಿ ಸ್ವೆಟರ್, ಅದೇ ಎರಡು ಜಡೆ. ನನ್ನ ಕೈ ಹಿಡಿದಳು. ಆ ಕೈ ಫ್ರಿಜ್ಜಿನೊಳಗೆ ಇಟ್ಟು ತೆಗೆದಂತಿತ್ತು.

“ಮನಿಗೆ ಹೋಗೂಣು ಬಾ ಅವ್ವಾ, ಥಂಡಿ ಐತಿ.”

ಕಾರಿನಲ್ಲಿ ಎಲ್ಲ ಹೇಳಿದೆ. ಪ್ರಕಾಶ್ ನಕ್ಕರು. “ಶೂವಿನ ಬ್ಯಾಟರಿ ಹೋಗಿರಬೇಕು. ನಮ್ಮ ಪಕ್ಕದ ರಾಂಚೊ ಬರ್ನಾರ್ಡೊದಲ್ಲಿ ಧಾರವಾಡದ ಆಂಟಿ ಇದ್ದಾರಲ್ಲ, ಅವರ ಹತ್ರ ಈ ಕನ್ನಡ ಕಲ್ತಿದ್ದಾಳೆ. ನಿಂಗೆ ಬೇಕಾದದ್ದೂ ಅದೇ ಅಲ್ವಾ?”

ಹೌದು, ಬೇಕಾದದ್ದು ಅದೇ. ಅಂದಿನಿಂದ ಅವಳು ಮನೆಯಲ್ಲಿ ಒಂದು ಇಂಗ್ಲಿಷ್ ಮಾತೂ ಆಡಿಲ್ಲ. ಕನ್ನಡದವರು ಸೇರಿದಲ್ಲೆಲ್ಲ “ಎಷ್ಟು ಚೆನ್ನಾಗಿ ಮಾತಾಡ್ತಾಳೆ! ಹೇಗೆ ಕಲಿಸಿದ್ರಿ?” ಎಂದು ಕೇಳುತ್ತಾರೆ. ನಾನು ನಗುತ್ತೇನೆ. ರಾತ್ರಿ ಅವಳ ಕೋಣೆಯ ಬಾಗಿಲನ್ನು ಮಾತ್ರ ಬೇಗ ಬೇಗ ದಾಟುತ್ತೇನೆ. ಆ ಶೂ ಮತ್ತೆ ಮಿನುಗಲೇ ಇಲ್ಲ.

ಎರಡು ವರ್ಷ ತಡೆದುಕೊಂಡೆ. ಆಮೇಲೆ ಒಂದು ಸಂಜೆ ಯಾರಿಗೂ ಹೇಳದೆ ಒಬ್ಬಳೇ ಡ್ರೈವ್ ಮಾಡಿಕೊಂಡು ಹೋಗಿ ಅದೇ ಮೆಟ್ಟಿಲ ತುದಿಯಲ್ಲಿ ನಿಂತೆ. ಒಂದೇ ಸಲ, ಪಿಸುಮಾತಿನಲ್ಲಿ ಕರೆದೆ.

“ನಿಧೀ...”

“ವಾಟ್, ಅಮ್ಮಾ?”

ಅದೇ ಎಂಟು ವರ್ಷದ ದನಿ. ಕೆಳಗೆ ತಿರುವಿನಲ್ಲಿ ಕೆಂಪು ಬೆಳಕು ಒಮ್ಮೆ ಮಿನುಗಿತು.

ಇನ್ನೆರಡು ಸಲ ಕೂಗಿದ್ದರೆ ಮೇಲೆ ಬರುತ್ತಿದ್ದಳೇನೋ. ಬರುವವಳು ಯಾರೋ... ಮನೆಯಲ್ಲಿ ‘ಅವ್ವಾ’ ಎಂದು ಕಾಯುತ್ತಿದ್ದವಳ ಗತಿ ಏನೋ... ಅವಳಿಗೂ ಎರಡು ವರ್ಷ ಉಣಿಸಿ, ತಲೆ ಬಾಚಿದವಳು ನಾನೇ ಅಲ್ಲವೇ? ಮತ್ತೆ ಕೂಗಲಿಲ್ಲ. ಕಾರಿನತ್ತ ನಡೆದೆ.

ಬಾಗಿಲು ಹಾಕುವಾಗ ಕೆಳಗಿನಿಂದ ಇನ್ನೊಮ್ಮೆ ಕೇಳಿಸಿತು.

“ಅಮ್ಮಾ?”

ಹೆತ್ತ ಹೊಟ್ಟೆ ಇವತ್ತಿಗೂ ಉರಿಯುತ್ತದೆ. ನಾನು ಓಗೊಡಲಿಲ್ಲ.