ಶರಣಪ್ಪನವರ ರುಮಾಲು

ಹತ್ತಾರು ನಕ್ಷತ್ರಗಳ ಬೆಳಕನ್ನು ಒಮ್ಮೆಗೇ ಬಣ್ಣಗಳಾಗಿ ಬಿಡಿಸಿ ತೋರಿಸುವ ನಮ್ಮ ಕ್ಯಾಮೆರಾ ಚಿತ್ರದ ಎಲ್ಲ ಕಡೆ ಬೆಳಕನ್ನು ಒಂದೇ ಸಮ ಹಿಡಿಯುತ್ತಿರಲಿಲ್ಲ; ಒಂದು ಕಡೆ ಹೆಚ್ಚು, ಒಂದು ಕಡೆ ಮಬ್ಬು. ಬರೀ ಬಿಳಿ ಬಟ್ಟೆಯ ಚಿತ್ರ ತೆಗೆದು, ನಕ್ಷತ್ರದ ಚಿತ್ರದ ಒಂದೊಂದು ಚುಕ್ಕೆಯ ಬೆಳಕಿನ ಅಂಕಿಯನ್ನು ಬಟ್ಟೆಯ ಚಿತ್ರದ ಅಂಕಿಯಿಂದ ಭಾಗಿಸಿದರೆ ಮಾತ್ರ ಆ ದೋಷ ಹೋಗುತ್ತದೆ. ಚಿಂಚೋಳಿಯ ಗುಡ್ಡ ಹತ್ತಿದ ಮೇಲೆ ನೋಡಿದರೆ, ಆ ಬಟ್ಟೆಯನ್ನೇ ವಾಡಿ ಸ್ಟೇಷನ್ನಿನಲ್ಲಿ ಬಿಟ್ಟು ಬಂದಿದ್ದೆ.

ಅಲ್ಲೇ ದನ ಮೇಯಿಸುತ್ತಿದ್ದ ಶರಣಪ್ಪ ಎಂಬ ಹಿರಿಯರ ತಲೆಯ ಮೇಲೆ ಬಿಳಿ ರುಮಾಲು ಕಂಡಿತು. ನಾಚಿಕೆ ಬಿಟ್ಟು ಕೇಳಿದೆ.

"ಮಂದಿ ಮುಂದ ರುಮಾಲ ತಗಿಯಂಗಿಲ್ರಿ," ಎಂದರು. ನನ್ನ ಮುಖ ನೋಡಿ ಕರಗಿದರೇನೋ, ಬೆನ್ನು ತಿರುಗಿಸಿ ಬಿಚ್ಚಿ, ನನ್ನ ಬಣ್ಣದ ಟವೆಲ್ ತಲೆಗೆ ಸುತ್ತಿಕೊಂಡು ರುಮಾಲು ಕೊಟ್ಟರು.

ಬಟ್ಟೆಯ ಕಲೆ ಚಿತ್ರದಲ್ಲಿ ಉಳಿಯಬಾರದೆಂದು ಕ್ಯಾಮೆರಾದ ಮುಂದೆ ಅದನ್ನು ಸರಿಸಿ ಸರಿಸಿ ಇಪ್ಪತ್ತು ಚಿತ್ರ ತೆಗೆದೆ.

"ಏನೂ ಇಲ್ಲದ್ದಕ್ಕ ಇಷ್ಟು ಫೋಟೋ ಏನ್ರಿ? ನಂದೊಂದು ತಗೀರಿ," ಎಂದರು.

ಹತ್ತಿರದ ಮುಖ ಆ ಕ್ಯಾಮೆರಾದಲ್ಲಿ ಮೂಡುವುದಿಲ್ಲ. ಹಾಗಾಗಿ ಅವರ ಫೋಟೋ ನನ್ನಲ್ಲಿಲ್ಲ. ಆದರೆ ಅಲ್ಲಿ ಅಳೆದ ಒಂದೊಂದು ನಕ್ಷತ್ರವನ್ನೂ ಅವರ ರುಮಾಲಿನಿಂದಲೇ ಭಾಗಿಸಿದ್ದೇನೆ.