ತಳ ಕಾಣುವ ನೀರು

ಮುತ್ತುರಾಜುವಿಗೆ ಈಜುಕೊಳ ತೊಳೆಯುವ ಕೆಲಸ ಕಲಿಸಿದವನು ನಾನೇ. ಅವನನ್ನು ಬೈದಷ್ಟು ಇನ್ಯಾರನ್ನೂ ಬೈದಿಲ್ಲ, ಈಗ ನೆನೆದರೆ ನಾಚಿಕೆಯಾಗುತ್ತದೆ. ರಾಮನಗರದಲ್ಲಿ ನನ್ನದೊಂದು ಪಂಪು, ಫಿಲ್ಟರು, ಕ್ಲೋರಿನ್ ಮಾರುವ ಅಂಗಡಿ ಇದೆ. ದುಡ್ಡಿದ್ದವರು ಕನಕಪುರ, ಮಾಗಡಿ ಕಡೆಯೆಲ್ಲ ತೋಟದ ಮನೆ ಕಟ್ಟಿ, ರಾಗಿ ಹೊಲದಲ್ಲಿ ನೀಲಿ ಟೈಲ್ಸಿನ ಕೊಳ ತೋಡಿಸಿದ ಮೇಲೆ ‘ಇದ್ರೀಸ್, ನೀರು ಹಸಿರಾಯ್ತು’ ಅಂತ ನನಗೆ ದಿನವೂ ಫೋನು. ಅಕ್ಕೂರಿನ ಹತ್ತಿರದ ಒಂದು ತೋಟದ ಮನೆಯವರು ಆಳು ಬೇಕೆಂದಾಗ, ಕುರಿ ಮಾರಿ ಸುಮ್ಮನೆ ಕೂತಿದ್ದ ಮುತ್ತುರಾಜುವನ್ನು ಹಿಡಿದುಕೊಟ್ಟೆ.

ಕೆಲಸಗಾರ ಅಂದರೆ ಅವನು. ಬೆಳಗಾಗುವಷ್ಟರಲ್ಲಿ ಬಲೆ ಹಾಕಿ ಎಲೆ, ಹುಳ ಎಲ್ಲ ತೆಗೆದಿರುತ್ತಿದ್ದ. ಗೋಡೆಗೆ ಬ್ರಶ್ಶು, ತಳಕ್ಕೆ ಉದ್ದ ಕೋಲಿನ ವ್ಯಾಕ್ಯೂಮು. ಪುಟ್ಟ ಗಾಜಿನ ನಳಿಗೆಯಲ್ಲಿ ನೀರು ಹಿಡಿದು, ಎರಡು ಹನಿ ಔಷಧಿ ಬಿಟ್ಟು, ಹಳದಿ ಬಣ್ಣ ಸರಿಯಾಗಿ ಬಂತೇ ಎಂದು ಬಿಸಿಲಿಗೆ ಎತ್ತಿ ನೋಡುತ್ತಿದ್ದ. ಆದರೆ ಎಷ್ಟು ಸೆಕೆಯಿದ್ದರೂ ಆ ನೀರಿಗೆ ಕಾಲಿನ ಬೆರಳನ್ನೂ ಇಳಿಬಿಟ್ಟವನಲ್ಲ. ಕೆಲಸ ಮುಗಿದ ಮೇಲೆ ಕೊಳದ ನಾಲ್ಕೂ ದಿಕ್ಕಿಗೆ ನಿಂತು ಬಗ್ಗಿ ಬಗ್ಗಿ ತಳ ನೋಡುತ್ತಿದ್ದ.

“ಏನ್ಲಾ, ಚಿನ್ನ ಹೂತಿಟ್ಟಿದ್ದೀಯಾ ಅಲ್ಲಿ?” ಅಂತ ನಾನು ಛೇಡಿಸುತ್ತಿದ್ದೆ.

“ತಳ ಕಾಣ್ಬೇಕು ಕಣಣ್ಣ. ಕಾಣ್ದಿದ್ರೆ ನಂಗೆ ಅನ್ನ ಇಳಿಯಕಿಲ್ಲ” ಅನ್ನುತ್ತಿದ್ದ. ನಗುತ್ತಿರಲಿಲ್ಲ.

ಆ ಮನೆಯಲ್ಲಿ ಅಡುಗೆ ಮಾಡುತ್ತಿದ್ದವಳು ಶಿವಲಕ್ಷ್ಮಿ. ಅವನೂರಿನವಳೇ, ಮೂವತ್ತೈದರ ಒಳಗಿನ ಹೆಂಗಸು. ಕುರಿ ಮೇಯಿಸುತ್ತಿದ್ದ ಅವಳ ಗಂಡ ಗಂಗರಾಜು ಹನ್ನೊಂದು ವರ್ಷದ ಹಿಂದೆ ಮನೆಯಿಂದ ಹೋದವನು ತಿರುಗಿ ಬಂದಿರಲಿಲ್ಲ. ಇವತ್ತಲ್ಲ ನಾಳೆ ಬಂದಾನು ಅಂತಲೇ ಅವಳು ಕಾಯುತ್ತಿದ್ದಳು. ಮುತ್ತುರಾಜು ಅವಳ ಕೈಯಿಂದ ತಟ್ಟೆ ಇಸಿದುಕೊಳ್ಳುವಾಗಲೂ ತಲೆ ಎತ್ತುತ್ತಿರಲಿಲ್ಲ. ಪಂಪ್ ರೂಮಿನ ಹಿಂದೆ ಹೋಗಿ ಒಬ್ಬನೇ ಉಣ್ಣುತ್ತಿದ್ದ. ಗಂಡಸಿನ ಸಂಕೋಚ ಎಂದುಕೊಂಡಿದ್ದೆ.

ಹೋದ ಮಳೆಗಾಲದಲ್ಲಿ ಒಂದು ವಾರ ಬಿಡದೆ ಸುರಿಯಿತು. ಕರೆಂಟು ಹೋಯಿತು, ಪಂಪು ನಿಂತಿತು, ಕೊಳ ಸೊಪ್ಪಿನ ಸಾರಿನಂತಾಯಿತು. “ಅಣ್ಣಾ, ತಳ ಕಾಣ್ತಿಲ್ಲ, ಈಗ್ಲೇ ಬಾ” ಅಂತ ಮುತ್ತುರಾಜು ಫೋನಿನಲ್ಲಿ ಅರಚಿದ. ಮನೆಗೆ ಬೆಂಕಿ ಬಿದ್ದವನ ದನಿ. ನಾನು ಹೋಗಿ ಪಟಿಕ ಕರಗಿಸಿ ಹಾಕಿ, ನೀರನ್ನು ಅಲುಗಿಸದೆ ಒಂದು ದಿನ ಹಾಗೇ ಬಿಟ್ಟೆ. ಮಾರನೆಯ ಬೆಳಿಗ್ಗೆ ಕೊಳೆಯೆಲ್ಲ ತಳಕ್ಕೆ ಕೂತಿತ್ತು. ಪೈಪು ಹಾಕಿ ಎಳೆದು ಹೊರಗೆ ಬಿಟ್ಟೆವು. ನೀರು ತಿಳಿಯಾದಾಗ ಗೊತ್ತಾಯಿತು, ಆಳದ ಕಡೆ ನೀರು ಹೀರುವ ತೂತಿನ ಜಾಲರಿ ಕಳಚಿಕೊಂಡು ವಾಲಿದೆ. ಹಾಗೇ ಬಿಟ್ಟು ಪಂಪು ಹಾಕಿದರೆ ಮಕ್ಕಳ ಕೂದಲನ್ನೋ ಕಾಲನ್ನೋ ಎಳೆದುಕೊಂಡುಬಿಡುತ್ತದೆ. ಸಂಜೆಗೆ ಯಜಮಾನರ ಮೊಮ್ಮಕ್ಕಳು ಬರುವವರಿದ್ದರು.

“ಇಳಿದು ಸ್ಕ್ರೂ ಹಾಕು” ಅಂದೆ. ನನಗೆ ಉಬ್ಬಸ, ಮುಳುಗುವ ಹಾಗಿಲ್ಲ.

“ಆಗಕಿಲ್ಲ ಅಣ್ಣ.”

ನನ್ನ ಪಿತ್ತ ನೆತ್ತಿಗೇರಿತು. “ಎಂಟಡಿ ನೀರಿಗೆ ನಡುಗ್ತೀಯಲ್ಲೋ, ಗಂಡಸೇನ್ಲಾ ನೀನು? ಹೋಗು, ಕೆಲಸ ಬಿಟ್ಟು ಮನೇಲಿ ಕೂತ್ಕೋ!”

ಗದ್ದಲಕ್ಕೆ ಶಿವಲಕ್ಷ್ಮಿ ಹೊರಗೆ ಬಂದಳು. “ಬೈಬ್ಯಾಡಿ ಅಣ್ಣ. ಸುತ್ತೂರ್ನಾಗೆ ಬಾವಿಗೆ ಬಿದ್ದೋರ್ನೆಲ್ಲ ಎತ್ತುತಿದ್ದೋನು ಇವ್ನೇ. ನಮ್ಮೋರು ಕಾಣ್ದಾದಾಗ ಕ್ವಾರಿ ಗುಂಡಿಗೆ ಐದು ಸಲ ಮುಳುಗ್ದ. ಸಿಕ್ನಿಲ್ಲ. ಅವತ್ತಿಂದ ನೀರು ಅಂದ್ರೆ ಹಿಂಗೇಯ.”

ಅವಳು ಹೇಳಿದ್ದು ಕರುಣೆಯಿಂದ. ಮುತ್ತುರಾಜುವಿನ ಮುಖ ಮಾತ್ರ ಬೂದಿಬಣ್ಣಕ್ಕೆ ತಿರುಗಿತು. ಅಂಗಿ ಕಳಚಿ, ಸ್ಕ್ರೂಡ್ರೈವರ್ ಕಚ್ಚಿಕೊಂಡು ಇಳಿದುಬಿಟ್ಟ. ಜಾಲರಿಯನ್ನು ಸರಿಯಾಗಿಯೇ ಕೂರಿಸಿದ. ಮೇಲೆ ಬಂದವನು ಮೆಟ್ಟಿಲು ಹಿಡಿದುಕೊಂಡು, ಎದೆಮಟ್ಟ ನೀರಿನಲ್ಲಿ ನಿಂತೇ ಹೇಳಿದ:

“ಗಂಗ ಸಿಕ್ಕಿದ್ದ ಕಣವ್ವ. ನಾಕ್ನೇ ಸಲಕ್ಕೇ ಸಿಕ್ಕಿದ್ದ.”

ಆಮೇಲೆ ಅವನು ತಡವರಿಸುತ್ತ ಹೇಳಿದ್ದು ಇಷ್ಟು. ಅವತ್ತು ಉಣ್ಣೆ ಕತ್ತರಿಸುವ ಮುಂಚೆ ಕುರಿ ತೊಳೆಯಲು ಗಂಗರಾಜು ಕ್ವಾರಿ ಗುಂಡಿಗೆ ಹೋಗಿದ್ದ. ಬಿದ್ದದ್ದನ್ನು ಕಂಡವರಿಲ್ಲ. ದಂಡೆಯ ಮೇಲೆ ಕಂಬಳಿ, ಮೆಟ್ಟು, ನೆನೆದ ಕುರಿಗಳು ಮಾತ್ರ ಇದ್ದವು. ನಾಲ್ಕನೆಯ ಸಲ ಮುಳುಗಿದಾಗ ಬಂಡೆಯ ಸಂದಿನಲ್ಲಿ ಸಿಕ್ಕಿಕೊಂಡಿದ್ದ ಕಾಲು ಮುತ್ತುರಾಜುವಿನ ಕೈಗೆ ಬಂತು. ಹಗ್ಗ ಕಟ್ಟುವ ಮುಂಚೆ ಉಸಿರಿಗೆಂದು ಮೇಲೆ ಬಂದ. ದಂಡೆಯಲ್ಲಿ ಇಬ್ಬರು ಮುದುಕಿಯರು ಶಿವಲಕ್ಷ್ಮಿಯ ಎರಡೂ ಕೈಗಳನ್ನು ಬಂಡೆಗೆ ಒತ್ತಿ ಹಿಡಿದಿದ್ದರು, ಬಳೆ ಒಡೆಯಲು ಇನ್ನೊಬ್ಬಳು ಆಗಲೇ ಕಲ್ಲು ಎತ್ತಿದ್ದಳು. ಶಿವಲಕ್ಷ್ಮಿಗೆ ಆಗ ಇಪ್ಪತ್ತಮೂರು. ಅವಳು ಇವನ ಬಾಯನ್ನೇ ನೋಡುತ್ತಿದ್ದಳು.

“ಬಾಯಿಗೆ ‘ಇಲ್ಲ’ ಅಂತ ಬಂದ್ಬುಡ್ತು. ಅವ್ರು ಕಲ್ಲು ಕೆಳ್ಗೆ ಹಾಕುದ್ರು. ಐದ್ನೇ ಸಲ ಸುಮ್ಕೆ ಮುಳುಗಿ ಎದ್ದೆ. ಹೆಂಗಸ್ರು ಹೋದ್ಮೇಲೆ ಎತ್ತಾನ ಅಂದ್ಕಂಡೆ. ಮಳೆ ಬಂದು ಗುಂಡಿ ತುಂಬೋಯ್ತು. ಸುಳ್ಳು ಹೇಳಿದ್ದು ಯಾಕ್ಲಾ ಅಂತ ಊರು ಕೇಳಿದ್ರೆ ಏನನ್ಲಿ? ಈಗ ಈ ಕೋಲು ಹಿಡುದ್ರೂ ಅದೇ ಕಾಲು ಹಿಡ್ದಂಗಾಯ್ತದೆ. ದಿನಾ ಬೆಳಿಗ್ಗೆ ಈ ನೀರ್ನಾಗೆ ಅವ್ನು ಮಲಗವ್ನೆ ಅನ್ನಿಸ್ತದೆ. ತಳ ಕಂಡ್ಮೇಲೆ, ಇವತ್ತಿಲ್ಲ ಅಂತ ಒಸಿ ಉಸ್ರು ಬತ್ತದೆ.”

ಶಿವಲಕ್ಷ್ಮಿ ಅಳುತ್ತಾಳೆ, ಇಲ್ಲವೇ ಅವನನ್ನು ಹೊಡೆಯುತ್ತಾಳೆ ಎಂದು ನಾನು ಹೆದರಿದ್ದೆ. ಅವಳು ದಡದಲ್ಲಿ ಕುಕ್ಕರುಗಾಲಲ್ಲಿ ಕೂತಳು.

“ಆ ಕಲ್ಲು ಒಂದ್ಗಳಿಗೆ ನೋಯಿಸ್ತಿತ್ತು ಕಣಣ್ಣ. ನೀನು ಹನ್ನೊಂದು ವರ್ಸ ಬಾಗ್ಲು ಚಿಲ್ಕ ಹಾಕ್ದೇನೆ ಮಲಗಿಸ್ಬುಟ್ಟೆ. ಒಂದು ಮಾರ್ಲಮಿಗೂ ಅವ್ರಿಗೆ ಎಡೆ ಇಕ್ನಿಲ್ಲ. ಬದುಕಿರೋರ್ಗೆ ಎಡೆ ಇಕ್ತಾರಾ?” ಅಂದಳು. ದನಿ ಏರಿರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. ಒಬ್ಬರ ಸಂಕಟ ನೋಡಲಾರದೆ ಆಡಿದ ಒಂದು ಮಾತು ಇಬ್ಬರನ್ನೂ ಹೀಗೆ ತಿಂದುಹಾಕಿತ್ತಲ್ಲ ಅನ್ನಿಸಿತು.

ಅವಳು ಎದ್ದು ನಿಂತಳು. “ನಡಿ, ಎತ್ಕೊಡು.”

ಇಷ್ಟು ವರ್ಷದ ಮೇಲೆ ಅಲ್ಲೇನಿರುತ್ತದೆ ತಾಯಿ ಅಂತ ನಾನು ಅಂದೆ. ಅವಳು ಆಗಲೇ ಕ್ವಾರಿಯ ಕಡೆ ಹೊರಟಿದ್ದಳು.

ಕ್ವಾರಿ ಕೂಗಳತೆಯಲ್ಲೇ ಇತ್ತು, ಕಲ್ಲು ಒಡೆಯುವುದು ನಿಂತು ಕಾಲವಾಗಿತ್ತು. ಕೊಳದ ನೀರನ್ನು ಅಷ್ಟು ತಿಳಿ ಮಾಡುವ ನಾನು ಆ ಗುಂಡಿಯ ಕಪ್ಪು ನೀರನ್ನು ನೋಡಿ ಹಿಂದೆ ಸರಿದೆ. ಮುತ್ತುರಾಜು ಪಂಪಿನ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು, ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟ. ಮೊದಲ ಸಲ ಬರಿಗೈಯಲ್ಲಿ ಬಂದ. ಎರಡನೆಯ ಸಲವೂ ಅಷ್ಟೇ. ಮೂರನೆಯ ಸಲ ಎಷ್ಟು ಹೊತ್ತಾದರೂ ಏಳಲಿಲ್ಲ. ಇವನೂ ಹೋದನೇ ಎಂದು ಹಗ್ಗ ಎಳೆಯತೊಡಗಿದೆ.

ಮೇಲೆ ಬಂದವನ ತುಟಿ ನೀಲಿಯಾಗಿತ್ತು. ಬೊಗಸೆಯ ತುಂಬ ಕಪ್ಪು ಕೆಸರು. ನನ್ನ ಮುಖ ನೋಡಿದ, ಮತ್ತೇನೂ ಸಿಕ್ಕಿಲ್ಲವೆಂದು ನನಗೆ ಗೊತ್ತಾಯಿತು. ಅವನು ಅವಳ ಹತ್ತಿರ ಹೋಗಿ ನಿಂತ.

“ಸಿಕ್ದ ಕಣವ್ವ” ಅಂದ.

ಅವಳು ಸೆರಗು ಒಡ್ಡಿದಳು. ಕೆಸರು ಬಿದ್ದು ಸೀರೆ ಜಗ್ಗಿತು. ಬಹಳ ಹೊತ್ತು ಅದನ್ನೇ ನೋಡಿದಳು, ಅವಳೇನು ದಡ್ಡಿಯಲ್ಲ.

“ಭಾರ ಇದ್ರಾ?” ಅಂತ ಕೇಳಿದಳು.

“ಬಾಳ ಭಾರ ಕಣವ್ವ” ಅಂದ ಮುತ್ತುರಾಜು.

ಅವಳು ಸೆರಗಿಗೆ ಗಂಟು ಹಾಕಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಊರಿನ ಕಡೆ ನಡೆದಳು.